ತಲೆನೋವಿಗೂ ಒಂದು ಲೆಕ್ಕದ ಪುಸ್ತಕವಿರಲಿ

ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆಯ ಪಕ್ಕದಲ್ಲೇ ತಲೆನೋವಿನ ಮಾತ್ರೆ ಇಲ್ಲದ ಅಂಗಡಿಗಳು ವಿರಳ. ಸಂಜೆಯ ಹೊತ್ತಿಗೆ ತಲೆ ಸಿಡಿಯತೊಡಗುತ್ತದೆ. ಒಂದು ಮಾತ್ರೆ, ಒಂದು ಲೋಟ ಕಾಫಿ, ಮತ್ತೆ ವ್ಯಾಪಾರ. ಲೆಕ್ಕದಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಕಂಡರೆ ರಾತ್ರಿ ಕುಳಿತು ಹುಡುಕುವ ವರ್ತಕರು, ವಾರಕ್ಕೆ ಮೂರು ಬಾರಿ ಕಾಡುವ ನೋವಿನ ಮೂಲವನ್ನು ಹುಡುಕುವ ಗೋಜಿಗೆ ಹೋಗುವುದಿಲ್ಲ. ಈ ಉದಾಸೀನವು ದೇಹಕ್ಕೂ ದಂಧೆಗೂ ನಷ್ಟದ ಬಾಬತ್ತು.

ಇದು ಕೆಲವರ ತೊಂದರೆಯಲ್ಲ. ಬೆಂಗಳೂರು ಮತ್ತು ಸುತ್ತಲಿನ ಗ್ರಾಮಾಂತರ ಪ್ರದೇಶದ 2,329 ವಯಸ್ಕರನ್ನು ಕುರಿತು ನಡೆದು, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷವೊಂದರಲ್ಲಿ ತಲೆನೋವು ಅನುಭವಿಸಿದವರ ಪ್ರಮಾಣ ಶೇ. 64ರಷ್ಟಿತ್ತು. ಮೈಗ್ರೇನ್ ಪೀಡಿತರೇ ಶೇ. 25ರಷ್ಟಿದ್ದರು.

ಅಂಗಡಿಯಲ್ಲಿ ತಲೆನೋವನ್ನು ಕೆರಳಿಸುವ ಕಾರಣಗಳು ಬಹುಪಾಲು ದಿನಚರಿಯಲ್ಲೇ ಅಡಗಿವೆ. ಗಿರಾಕಿಗಳ ಗದ್ದಲದಲ್ಲಿ ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ ಸರಿಯುವುದು, ನೀರು ಕುಡಿಯಲು ಮರೆಯುವುದು, ತೆರಿಗೆ ವಿವರ ಸಲ್ಲಿಕೆಯ ಗಡುವಿನ ಹಿಂದಿನ ರಾತ್ರಿ ನಿದ್ದೆಗೆಡುವುದು ಇವುಗಳಲ್ಲಿ ಮುಖ್ಯವಾದವು. ದಿನವೂ ನಾಲ್ಕೈದು ಲೋಟ ಕಾಫಿ ಕುಡಿಯುವವರಿಗೆ, ರಜೆಯ ದಿನ ಅದು ತಪ್ಪಿದರೆ ಅದೂ ತಲೆನೋವಿಗೆ ಕಾರಣವಾಗಬಹುದು.

ಕಾರ್ಖಾನೆಯ ಸ್ಥಿತಿ ಇನ್ನೂ ಗಂಭೀರ. ಮುಚ್ಚಳ ತೆರೆದಿಟ್ಟ ಥಿನ್ನರ್ ಡಬ್ಬಿ, ಅಂಟು ಮತ್ತು ಬಣ್ಣಗಳ ಆವಿ, ಮಿನುಗುವ ಟ್ಯೂಬ್‌ಲೈಟ್, ಎಡೆಬಿಡದ ಯಂತ್ರದ ಸದ್ದು ಇವೆಲ್ಲ ತಲೆನೋವು ತರಬಲ್ಲವು. ಜನರೇಟರನ್ನು ಮುಚ್ಚಿದ ಜಾಗದಲ್ಲಿ ಓಡಿಸುವುದಂತೂ ಪ್ರಾಣಾಪಾಯಕ್ಕೆ ಆಹ್ವಾನ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವೇ ಅದರ ಮೊದಲ ಸೂಚನೆಗಳಲ್ಲೊಂದು. ಒಂದೇ ಕೊಠಡಿಯ ಹಲವರಿಗೆ ಏಕಕಾಲಕ್ಕೆ ತಲೆ ನೋಯುತ್ತಿದ್ದರೆ, ಮಾತ್ರೆ ಹಂಚುವ ಬದಲು ಎಲ್ಲರನ್ನೂ ತಕ್ಷಣ ಹೊರಗೆ ಕಳುಹಿಸಿ ವೈದ್ಯರಿಗೆ ತೋರಿಸಬೇಕು.

ಇದಕ್ಕೆಲ್ಲ ಸಣ್ಣ ಉದ್ಯಮಿಯ ಬಳಿ ಬಂಡವಾಳವೆಲ್ಲಿದೆ ಎಂಬ ಆಕ್ಷೇಪ ಸಹಜ. ಆದರೆ ಡಬ್ಬಿಗೆ ಮುಚ್ಚಳ ಹಾಕಲು, ಊಟದ ಸಮಯ ಪಾಲಿಸಲು ಹಣ ಬೇಕಿಲ್ಲ. ಗಾಳಿ ಹೊರಹಾಕುವ ಫ್ಯಾನಿಗೆ ಬೇಕಾದದ್ದು ಅಲ್ಪ. ಗಾಳಿ, ಬೆಳಕು, ಕುಡಿಯುವ ನೀರು ಮತ್ತು ಐದು ಗಂಟೆ ಮೀರದ ದುಡಿಮೆಯ ನಂತರ ಅರ್ಧ ಗಂಟೆಯ ವಿರಾಮವನ್ನು 1948ರ ಕಾರ್ಖಾನೆಗಳ ಕಾಯಿದೆಯೇ ವಿಧಿಸಿತ್ತು. ಇವು ಹೊಸ ಬೇಡಿಕೆಗಳಲ್ಲ.

ಮಾತ್ರೆಯೇ ನೋವಿನ ಮೂಲವಾಗುವ ಸಂಗತಿಯೂ ಉಂಟು. ಪದೇಪದೇ ತಲೆನೋವು ಬರುವವರು ಸಾಧಾರಣ ನೋವುನಿವಾರಕಗಳನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಕೆಲವು ಮಿಶ್ರ ಮಾತ್ರೆಗಳನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳಿಗೂ ಮೀರಿ ಸೇವಿಸಿದರೆ, ಆ ಸೇವನೆಯಿಂದಲೇ ತಲೆನೋವು ಬೇರೂರಬಹುದು.

ಒಬ್ಬರನ್ನು ಕಾಡುವ ಕಾರಣ ಇನ್ನೊಬ್ಬರನ್ನು ಕಾಡದಿರಬಹುದು. ಆದುದರಿಂದ ರೋಜು ಪುಸ್ತಕದ ಜೊತೆಗೆ ಇನ್ನೊಂದು ಸಣ್ಣ ಪುಸ್ತಕವಿರಲಿ: ನೋವು ಬಂದ ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ಊಟದ ಸಮಯ, ಮಾಡುತ್ತಿದ್ದ ಕೆಲಸ, ನುಂಗಿದ ಮಾತ್ರೆ. ಒಂದೆರಡು ತಿಂಗಳಲ್ಲಿ ಕಾರಣದ ಸುಳಿವು ಸಿಗಬಹುದು. ವೈದ್ಯರಿಗೂ ಆ ಪುಸ್ತಕ ನೆರವಾಗುತ್ತದೆ. ಆದರೆ ಹಠಾತ್ತನೆ ಎರಗಿದ ತೀವ್ರ ನೋವು, ಜ್ವರದೊಡನೆ ಕತ್ತಿನ ಬಿಗಿತ, ಮಾತಿನ ತೊದಲು, ಕೈಕಾಲಿನ ಬಲಹೀನತೆ ಕಂಡರೆ ಪುಸ್ತಕಕ್ಕೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಸರಕಿನ ಸೋರಿಕೆಯನ್ನು ಪತ್ತೆಹಚ್ಚಬಲ್ಲ ವರ್ತಕ ಸಮುದಾಯಕ್ಕೆ ಆರೋಗ್ಯದ ಸೋರಿಕೆಯನ್ನು ಪತ್ತೆಹಚ್ಚುವುದು ಕಠಿಣವಲ್ಲ. ತನಗಾಗಿ ಮಾತ್ರವಲ್ಲ, ತನ್ನನ್ನು ನಂಬಿ ದುಡಿಯುವವರಿಗಾಗಿಯೂ ಆ ಕೆಲಸ ಇಂದೇ ಆರಂಭವಾಗಬೇಕಾಗಿದೆ.