ಬೋದಿಲೇರ್ ಗೊತ್ತು, ಸೆಝೇರ್ ಯಾಕೆ ಗೊತ್ತಿಲ್ಲ?



ಆಧುನಿಕ ಫ್ರೆಂಚ್ ಕಾವ್ಯದ ಬಗ್ಗೆ ಮಾತಾಡೋಣ ಅಂದ್ರೆ ನಮ್ಮ ಹುಡುಗರು ನಗ್ತಾರೆ. 'ಅದು ನಮಗ್ಯಾಕಣ್ಣಾ?' ಅವರ ನಗು ನ್ಯಾಯವೇ. ನಮಗೆ ಸಿಕ್ಕ ಫ್ರೆಂಚ್ ಕಾವ್ಯ ನವ್ಯದವರು ತೋರಿಸಿದ್ದು. ಲಂಕೇಶ್ ಬೋದಿಲೇರನನ್ನು 'ಪಾಪದ ಹೂಗಳು' ಅಂತ ಕನ್ನಡಕ್ಕೆ ತಂದರು, ದೊಡ್ಡ ಕೆಲಸ. ಆಮೇಲೆ ರಿಂಬೋ, ವರ್ಲೇನ್, ಮಲಾರ್ಮೆ ಅಂತ ಸಂಕೇತವಾದಿಗಳು. 1924ರಲ್ಲಿ ಆಂದ್ರೆ ಬ್ರೆಟನ್ ಪ್ರಣಾಳಿಕೆ ಹೊರಡಿಸಿದ ಸರ್ರಿಯಲಿಸಂ. ನಗರದ ಬೇಸರ, ಕನಸು, ಒಂಟಿತನ. ಕೇರಿಯಲ್ಲಿ ಒಂಟಿಯಾಗಿರೋಕೆ ಜಾಗ ಎಲ್ಲಿದೆ ಸ್ವಾಮಿ?

ಪಾಠ ಅಲ್ಲಿಗೇ ನಿಲ್ಲುತ್ತೆ, ಅದೇ ನನ್ನ ತಕರಾರು. 1930ರ ದಶಕದ ಅದೇ ಪ್ಯಾರಿಸ್‌ನಲ್ಲಿ ಏಮೆ ಸೆಝೇರ್ ಅನ್ನೋ ಕರಿಯ ವಿದ್ಯಾರ್ಥಿ ಇದ್ದ. ಊರು ಮಾರ್ಟಿನಿಕ್, ಫ್ರೆಂಚರು ಗುಲಾಮರ ಕೈಲಿ ಕಬ್ಬು ಬೆಳೆಸಿದ ದ್ವೀಪ. ಬೈಗುಳವಾಗಿದ್ದ 'ನೆಗ್ರ್' ಪದವನ್ನೇ ಎತ್ತಿಕೊಂಡು, ಸೆನೆಗಲ್‌ನ ಸೆಂಘೋರ್, ಫ್ರೆಂಚ್ ಗಯಾನಾದ ದಮಾಸ್ ಜೊತೆ 'ನೆಗ್ರಿಟ್ಯೂಡ್' ಚಳವಳಿ ಕಟ್ಟಿದ. ತಾಯ್ನೆಲಕ್ಕೆ ಮರಳೋದರ ಬಗ್ಗೆ ಬರೆದ ದೀರ್ಘ ಕವಿತೆ 1939ರಲ್ಲಿ ಬಂತು. 1941ರಲ್ಲಿ ಆ ದ್ವೀಪಕ್ಕೆ ಬಂದ ಬ್ರೆಟನ್ ಅವನನ್ನು ಓದಿ ಬೆರಗಾದ.

ಇಲ್ಲಿ ನಮಗೆ 1975 ನೆನಪಾಗಲೇಬೇಕು. ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು'. ಶಿಡ್ಲಘಟ್ಟದ ಬೀದಿಯಲ್ಲಿ ಯಾರಾದ್ರೂ ಆ ಪದದಲ್ಲಿ ಬೈದ್ರೆ ಅಟ್ರಾಸಿಟಿ ಕೇಸು. ನಮ್ಮ ಕವಿಯೇ ಅದನ್ನು ಮುಖಪುಟಕ್ಕೆ ಹಾಕಿದ್ರೆ ಬೈಯೋನ ಬಾಯಿಂದ ಕಿತ್ತುಕೊಂಡ ಹಾಗೆ.

ಹಾಗಂತ ಪದ ಗೆದ್ದರೆ ಎಲ್ಲಾ ಗೆದ್ದಂತಲ್ಲ. ಆ ಪುಸ್ತಕ ಬಂದು 25 ವರ್ಷಕ್ಕೆ, 2000ದ ಮಾರ್ಚ್ 11ರಂದು, ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಆರೋಪಿಗಳ ಖುಲಾಸೆಯನ್ನು 2014ರಲ್ಲಿ ಹೈಕೋರ್ಟೂ ಎತ್ತಿಹಿಡೀತು.

ಕವಿತೆಯ ಈ ಮಿತಿ ಸೆಝೇರ್‌ಗೂ ಗೊತ್ತಿತ್ತು ಅನ್ಸುತ್ತೆ. 1945ರಿಂದ 2001ರವರೆಗೆ ತನ್ನ ದ್ವೀಪದ ರಾಜಧಾನಿಗೆ ಮೇಯರ್ ಆಗಿದ್ದ. 1956ರಲ್ಲಿ ಫ್ರೆಂಚ್ ಕಮ್ಯುನಿಸ್ಟ್ ಪಕ್ಷ ಬಿಡುವಾಗ ನಾಯಕ ಮೋರಿಸ್ ಥೊರೆಜ್‌ಗೆ ಒಂದು ಪತ್ರ ಬರೆದ. ಕರಿಯರ ಹೋರಾಟ ವರ್ಗ ಹೋರಾಟದ ಬಾಲ ಆಗೋಕಾಗಲ್ಲ ಅನ್ನೋದು ಅದರ ವಾದ. ನೀಲಿ ಬಾವುಟ ಹಿಡಿದು ಕೆಂಬಾವುಟದ ಜೊತೆ ನಡೆಯೋ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಸಂಗಾತಿಗಳು ಕವಿತೆಗಿಂತ ಮೊದಲು ಆ ಪತ್ರ ಓದಿದ್ರೂ ಪರವಾಗಿಲ್ಲ. ಜಗಳ ಆಗುತ್ತೆ, ಆಗಲಿ.

ಮುಂದಿನ ಭಾನುವಾರ ಗೌರಿಬಿದನೂರಲ್ಲಿ ಸೇರ್ತಿದ್ದೀವಿ. ಇಂಗ್ಲಿಷ್ ಅನುವಾದದ ಜೆರಾಕ್ಸ್ ನನ್ನ ಹತ್ರ ಇದೆ. ಕನ್ನಡಕ್ಕೆ ತರೋಕೆ ಜೊತೆ ಬೇಕು. ಮನೇಲಿ ತೆಲುಗು ಆಡೋರೂ ಬನ್ನಿ, ಬೈಗುಳ ನಿಮಗೆ ಎರಡು ಭಾಷೇಲೂ ಗೊತ್ತು.