ಲೈಸೆನ್ಸ್ ಅರ್ಜೀಲಿ ಟಿಕ್ ಹಾಕಿದ್ದು ಯಾರು?

(1/4)
ಮೊದಲನೇ ಫೋಟೋ ನೋಡಿ ನಗಬೇಡಿ. ಲೈಸೆನ್ಸ್ ಫೋಟೋದಲ್ಲಿ ಚೆನ್ನಾಗಿ ಕಾಣೋರನ್ನ ನಾನಂತೂ ಇನ್ನೂ ನೋಡಿಲ್ಲ. ನಂಬರು, ವಿಳಾಸ ಎಲ್ಲ ಮುಚ್ಚಿದೀನಿ. ನೀವು ನೋಡಬೇಕಾಗಿರೋದು ವಾಹನದ ವರ್ಗ ಬರೆದಿರೋ ಜಾಗ. ಅಲ್ಲಿ ಎಂಸಿಡಬ್ಲ್ಯೂಓಜಿ ಅಂತಿದೆ. ಅಂದ್ರೆ ಗೇರ್ ಇಲ್ಲದ ದ್ವಿಚಕ್ರ ವಾಹನ. ಸ್ಕೂಟಿ. ಅಷ್ಟೇ.

ನನಗೆ 18 ತುಂಬಿದ ವಾರಾನೇ ಅಪ್ಪ ಒಂದು ಡ್ರೈವಿಂಗ್ ಸ್ಕೂಲಿಗೆ ಕರ್ಕೊಂಡು ಹೋದ್ರು. ಅಲ್ಲಿದ್ದ ಅಣ್ಣ ನನ್ನ ಮುಖ ಒಂದ್ಸಲ ನೋಡಿ, "ಹುಡುಗಿ ಅಲ್ವಾ ಸರ್, ಗೇರ್ ಇಲ್ದೇ ಇರೋದು ಸಾಕು, ಟೆಸ್ಟೂ ಸುಲಭ" ಅಂದ್ರು. ಅಪ್ಪ ಹೂಂ ಅಂದ್ರು. ನಾನೂ ಹೂಂ ಅಂದೆ. ಜೊತೇಲಿ ಬಂದಿದ್ದ ಅತ್ತೆ ಮಗನಿಗೆ ಏನೂ ಕೇಳದೇ ಗೇರ್ ಬೈಕು, ಕಾರು ಎರಡೂ ಬರ್ಕೊಂಡ್ರು. ಅವನಿಗೆ ಆಗ ಬೈಕು ಸ್ಟ್ಯಾಂಡ್ ತೆಗೆಯಕ್ಕೂ ಸರಿಯಾಗಿ ಬರ್ತಿರ್ಲಿಲ್ಲ (ಟ್ಯಾಗ್ ಮಾಡಲ್ಲ, ಹೆದರಬೇಡ ಕಣೋ). ನಾನು ಟೆಸ್ಟು ದಿನ ಅವರದೇ ಸ್ಕೂಟಿ ತಗೊಂಡು 8 ಹಾಕಿ, ಪಾಸಾಗಿ, ಖುಷಿಯಾಗಿ ಸ್ಟೋರಿ ಹಾಕ್ದೆ.

(2/4)
ಹೋದ ವರ್ಷ ಅಪ್ಪ ತೋಟದಲ್ಲಿ ಜಾರಿ ಬಿದ್ದು ಬಲಗೈ ಮುರ್ಕೊಂಡ್ರು. ಆರು ವಾರ ಕಟ್ಟು. ಅಮ್ಮನ ಹಳೇ ಸ್ಕೂಟಿ ಅಷ್ಟೊತ್ತಿಗೆ ಮಾರಿ ಆಗಿತ್ತು. ಮನೇಲಿ ಇದ್ದಿದ್ದು ಒಂದು ಸ್ಪ್ಲೆಂಡರ್, ಕಾಯಿ-ಕೊಬ್ಬರಿ ಸಾಗಿಸೋ ಒಂದು ಟಾಟಾ ಏಸ್. ಸ್ಪ್ಲೆಂಡರ್ ನನಗೆ ಓಡಿಸಕ್ಕೆ ಬರುತ್ತೆ, ತೋಟದೊಳಗೆ ಅಪ್ಪನೇ ಕಲಿಸಿದ್ದು. ಒಂದಿನ ರಾತ್ರಿ ನೋವು ಜಾಸ್ತಿಯಾಗಿ ಮಾತ್ರೆ ಬೇಕಾಯ್ತು. ಮೆಡಿಕಲ್ ಇರೋದು 6 ಕಿಲೋಮೀಟರ್ ಆಚೆ. ಕೀ ತಗೊಂಡೆ. "ನಿಂದು ಸ್ಕೂಟಿ ಲೈಸೆನ್ಸು ಕಣಮ್ಮ, ಹಿಡಿದ್ರೆ ಐದು ಸಾವಿರ" ಅಂತ ಅಪ್ಪ ಕೀ ಇಸ್ಕೊಂಡು ಪಕ್ಕದ ಮನೆ ಹುಡುಗನ ಕೈಗೆ ಕೊಟ್ರು.

ಅವನು ಸೆಕೆಂಡ್ ಪಿಯು. 17 ವರ್ಷ. ಯಾವ ಲೈಸೆನ್ಸೂ ಇಲ್ಲ.

ಅಪ್ಪ ನನ್ನ ಬಗ್ಗೆ ಹೇಳಿದ್ದು ಸರೀನೇ. ಆ ವರ್ಗದ ಲೈಸೆನ್ಸ್ ಇಲ್ದೇ ಗಾಡಿ ಓಡಿಸಿದ್ರೆ 5,000, ಓಡಿಸಕ್ಕೆ ಕೊಟ್ಟ ಮಾಲೀಕರಿಗೆ ಬೇರೆ 5,000. ಆದ್ರೆ 18 ಆಗ್ದೇ ಇರೋರ ಕೈಗೆ ಗಾಡಿ ಕೊಟ್ರೆ? 2019ರ ತಿದ್ದುಪಡಿ ಆದ್ಮೇಲೆ ಪೋಷಕರು ಅಥವಾ ಮಾಲೀಕರಿಗೆ 25,000 ದಂಡ, 3 ವರ್ಷದವರೆಗೆ ಜೈಲು, ಗಾಡಿ ನೋಂದಣಿ 12 ತಿಂಗಳು ರದ್ದು, ಆ ಹುಡುಗನಿಗೆ 25 ವರ್ಷ ಆಗೋವರೆಗೂ ಲೈಸೆನ್ಸೇ ಇಲ್ಲ. ನಮ್ಮನೇಲಿ ಇದು ಯಾರ ತಲೇಗೂ ಬರ್ಲಿಲ್ಲ. ಗಂಡುಹುಡುಗ ತಾನೆ, ಓಡಿಸ್ತಾನೆ ಬಿಡು ಅಂತ.

ಹುಡುಗ ಹೋದ, ಮಾತ್ರೆ ತಂದ, ಏನೂ ಆಗ್ಲಿಲ್ಲ. ಜಗಲಿ ಮೇಲೆ ಕೂತು ಕಾಯ್ದ ಆ ಮುಕ್ಕಾಲು ಗಂಟೆ ಮಾತ್ರ ನೆನೆಸ್ಕೊಂಡ್ರೆ ಈಗಲೂ ಉರಿಯುತ್ತೆ.

ದಂಡಕ್ಕಿಂತ ದೊಡ್ಡದು ಇನ್ಶೂರೆನ್ಸ್. ಅವನು ಯಾರಿಗಾದ್ರೂ ಗುದ್ದಿದ್ರೆ, ಕಂಪನಿ ಗಾಯ ಆದವರಿಗೆ ದುಡ್ಡು ಕೊಟ್ಟು ಆಮೇಲೆ ಅದನ್ನ ಮಾಲೀಕರಿಂದ ವಸೂಲಿ ಮಾಡೋ ಹಾಗೆ ಕೋರ್ಟ್ ಹೇಳಬಹುದು. ಮಾಲೀಕರು ಅಂದ್ರೆ ಕೈ ಕಟ್ಟಿಸ್ಕೊಂಡು ಮಲಗಿದ್ದ ನಮ್ಮಪ್ಪ.

(3/4)
ಈಗ ಬಿಕಾಂ ಬುದ್ಧಿಗೆ ಬರ್ತೀನಿ. ಎಲ್‌ಎಲ್‌ಗೆ ಕೇಂದ್ರದ ನಿಯಮದಲ್ಲಿ ಇರೋ ಶುಲ್ಕ ಒಂದು ವರ್ಗಕ್ಕೆ 150, ಡಿಎಲ್ ಟೆಸ್ಟಿಗೆ ಒಂದು ವರ್ಗಕ್ಕೆ 300. ಗೇರ್ ಇಲ್ಲದ್ದಕ್ಕೂ ಅಷ್ಟೇ, ಗೇರ್ ಇರೋದಕ್ಕೂ ಅಷ್ಟೇ! ಗೇರ್ ಇರೋದು ತಗೊಂಡ್ರೆ ಸ್ಕೂಟಿ ಹೆಂಗೂ ಓಡಿಸಬಹುದು, ಉಲ್ಟಾ ಆಗಲ್ಲ. ಒಂದೇ ರೇಟಿಗೆ ಅರ್ಧ ಮಾಲು ತಂದಂಗಾಯ್ತು ನಂದು. ಈಗ ಹೊಸ ವರ್ಗ ಸೇರಿಸಕ್ಕೆ ಮತ್ತೆ ಎಲ್‌ಎಲ್, ಮತ್ತೆ 30 ದಿನ ಕಾಯೋದು, ಮತ್ತೆ ಟೆಸ್ಟು, ಮೇಲೆ ಸೇರ್ಪಡೆಗೆ ಅಂತ 500.

ಅದಕ್ಕೆ ನನ್ನ ಅಭಿಪ್ರಾಯ: ಕಾಲೇಜಲ್ಲಿರೋ ಯಾರೇ ಆಗ್ಲಿ, ಗೇರ್ ಇರೋ ಬೈಕು ಮತ್ತೆ ಎಲ್‌ಎಂವಿ ಎರಡೂ ಒಟ್ಟಿಗೆ ತಗೊಳ್ಳಿ. ಮನೇಲಿ ಕಾರಿಲ್ಲ ಅಂತ ಬಿಡಬೇಡಿ. ಕಾರು ಲೈಸೆನ್ಸ್ ಇದ್ರೆ ಬೈಕೂ ನಡೆಯುತ್ತೆ ಅನ್ಕೊಂಡಿರೋರೂ ನಮ್ಮ ಕ್ಲಾಸಲ್ಲಿದಾರೆ, ನಡೆಯಲ್ಲ. ಆಟೋಮ್ಯಾಟಿಕ್ ಕಾರಿಗೆ ಕಾನೂನಲ್ಲಿ ಬೇರೆ ವರ್ಗ ಇಲ್ಲ, ಅದೂ ಎಲ್‌ಎಂವಿನೇ. ನಿಮ್ಮ ತಂಗಿ-ತಮ್ಮ 16ಕ್ಕೇ ಸಿಗುತ್ತಂತೆ ಅಂದ್ರೆ, ಅದು 50 ಸಿಸಿ ಒಳಗಿನ ಗೇರ್ ಇಲ್ಲದ ಗಾಡಿಗೆ ಮಾತ್ರ. ಆಕ್ಟಿವಾ ಅದರ ಎರಡರಷ್ಟಿದೆ. ಮತ್ತೆ ಎಲ್‌ಎಲ್ ಇಟ್ಕೊಂಡು ಬೈಕಲ್ಲಿ ಫ್ರೆಂಡ್‌ನ ಹಿಂದೆ ಕೂರಿಸ್ಕೊಂಡು ರೀಲ್ಸ್ ಮಾಡೋರೇ, ಅದೂ ಇಲ್ಲ. ಕಲಿಸೋರು ಮಾತ್ರ ಕೂರಬಹುದು.

(4/4)
"ಹಂಗಾದ್ರೆ ಟ್ರಾನ್ಸ್‌ಪೋರ್ಟೂ ತಗೊಂಡುಬಿಡೋಣ" ಅಂತ ಸ್ಟೋರಿಗೆ ರಿಪ್ಲೈ ಮಾಡಿದವರಿಗೆ: ಬೇಡ. ಅದಕ್ಕೆ 20 ವರ್ಷ ಆಗಿರಬೇಕು, ಎಲ್‌ಎಂವಿ ಬಂದು ಒಂದು ವರ್ಷ ಆಗಿರಬೇಕು, 5 ವರ್ಷಕ್ಕೊಂದ್ಸಲ ನವೀಕರಣ ಬೇರೆ. ನಮ್ಮ ವಯಸ್ಸಲ್ಲಿ ತಗೊಂಡ ಮಾಮೂಲಿ ಲೈಸೆನ್ಸ್ 40 ತುಂಬೋವರೆಗೂ ಇರುತ್ತೆ. ಬಸ್ಸು, ದೊಡ್ಡ ಲಾರಿ ಓಡಿಸೋ ಯೋಚನೆ ಇದ್ರೆ ಸರಿ, ಗೌರವ. ಸುಮ್ನೆ ಇರ್ಲಿ ಅಂತ ಆದ್ರೆ ದಂಡ.

ನಮ್ಮ ಏಸ್ ವಿಷಯಕ್ಕೆ ನಾನೂ ಟ್ರಾನ್ಸ್‌ಪೋರ್ಟ್ ಬೇಕೇನೋ ಅನ್ಕೊಂಡಿದ್ದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನೇ ತೀರ್ಮಾನ ಮಾಡಿದೆ: ಎಲ್‌ಎಂವಿ ಲೈಸೆನ್ಸ್ ಇರೋರು ಒಟ್ಟು ತೂಕ 7,500 ಕೆಜಿ ಒಳಗಿನ ಸರಕು ಗಾಡಿ ಓಡಿಸಕ್ಕೆ ಬೇರೆ ಟ್ರಾನ್ಸ್‌ಪೋರ್ಟ್ ಅನುಮತಿ ಬೇಕಿಲ್ಲ. ಲೋಡ್ ಹಾಕಿದ್ರೂ ಏಸ್ ಅದರ ಹತ್ರಕ್ಕೂ ಬರಲ್ಲ. ನನಗೂ ಈಗ 20 ಆಯ್ತು. ತಿಪಟೂರು ಎಪಿಎಂಸಿಗೆ ಕೊಬ್ಬರಿ ತಗೊಂಡು ಹೋಗೋ ದಿನ ಬಾಡಿಗೆ ಡ್ರೈವರ್‌ಗೆ ಕಾಯೋದು ತಪ್ಪುತ್ತೆ.

ಅರ್ಜಿ ಈ ಸಲ ಸಾರಥಿ ವೆಬ್‌ಸೈಟಲ್ಲಿ ನಾನೇ ತುಂಬಿದೆ. ಗೇರ್ ಇರೋ ಬೈಕು, ಎಲ್‌ಎಂವಿ, ಎರಡಕ್ಕೂ ನಾನೇ ಟಿಕ್ ಹಾಕಿದೆ. ಕೊನೇ ಫೋಟೋದಲ್ಲಿ ಎಲ್ ಬೋರ್ಡ್ ಅಂಟಿಸ್ಕೊಂಡು ನಿಂತಿರೋದು ಅದೇ ಸ್ಪ್ಲೆಂಡರ್, ಹಿಂದೆ ಕೂತಿರೋದು ಅಪ್ಪ. ಅವರ ಮುಖದಲ್ಲಿ ಇರೋದು ನಗುವಲ್ಲ, ಭಯ. ಮುಂದಿನ ತಿಂಗಳು ಟೆಸ್ಟು. ಬೈಕಿಂದು ಚಿಂತೆಯಿಲ್ಲ, ಕಾರಲ್ಲಿ ರಿವರ್ಸ್ ತಗೊಳ್ಳೋವಾಗ ಇನ್ನೂ ಪ್ರತಿ ಸಲ ಕಂಬಕ್ಕೆ ತಾಗಿಸ್ತಾ ಇದೀನಿ.

ಡಿಜಿಲಾಕರ್ ತೆಗೆದು ನಿಮ್ಮದ್ರಲ್ಲಿ ಯಾವ ವರ್ಗ ಇದೆ ನೋಡಿ ಕಾಮೆಂಟಲ್ಲಿ ಹಾಕಿ. ಹುಡುಗೀರು ಮೊದಲು. ಎಷ್ಟು ಜನರದ್ದು ನನ್ನ ತರಾನೇ ಇದೆ ಅಂತ ಎಣಿಸ್ಬೇಕು ನನಗೆ.