ಹಳೆಯ ದೋಣಿ: ಬೆಲೆ ಮಾತಾಡುವ ಮೊದಲು ತಳ ನೋಡಿ

ಎತ್ತು ಕೊಳ್ಳುವುದು ಹೇಗೆಂದು ನಮ್ಮ ರೈತನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಜಾತ್ರೆಯಲ್ಲಿ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಸಾಧ್ಯವಾದರೆ ನೊಗ ಹೂಡಿ ಎಳೆಸುತ್ತಾನೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುವುದು ಆಮೇಲೆ. ಆದರೆ ಎತ್ತಿಗಿಂತ ಎಷ್ಟೋ ಪಟ್ಟು ಬೆಲೆಯ ಹಳೆಯ ಮೀನುಗಾರಿಕೆ ದೋಣಿ ಕೊಳ್ಳಲು ಹೋದಾಗ ಅದೇ ಮನುಷ್ಯ ಹೊಸ ಬಣ್ಣ ನೋಡಿ, ಎಂಜಿನ್ನಿನ ಸದ್ದು ಕೇಳಿ, ಮುಂಗಡ ಕೊಟ್ಟು ಬರುವುದುಂಟು. ಇದು ಸರಿಯಲ್ಲ.

ಕೃಷಿ ಪುಟದಲ್ಲಿ ದೋಣಿಯ ಮಾತೇಕೆ ಎಂದು ಕೆಲವರು ಕೇಳಬಹುದು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಕಡಲಂಚಿನ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಗದ್ದೆ, ತೆಂಗಿನ ತೋಟ, ದೋಣಿ ಮೂರೂ ಬೇಕು. ಅಣ್ಣ ಗದ್ದೆಗೆ ಇಳಿದರೆ ತಮ್ಮ ಕಡಲಿಗೆ ಇಳಿಯುತ್ತಾನೆ. ದೋಣಿಗೆ ಹಾಕುವ ಹಣ ಬರುವುದು ತೋಟದ ಫಸಲಿನಿಂದ, ಮನೆಯ ಹೆಂಗಸರ ಒಡವೆಯಿಂದ, ಇಲ್ಲವೇ ಜಮೀನಿನ ಮೇಲೆ ತಂದ ಸಾಲದಿಂದ. ದೋಣಿ ಕೈಕೊಟ್ಟರೆ ಮುಳುಗುವುದು ದೋಣಿಯೊಂದೇ ಅಲ್ಲ. ಅಲ್ಲದೆ ಗಂಗೊಳ್ಳಿಯಲ್ಲಾಗಲಿ ಹೊನ್ನಾವರದಲ್ಲಾಗಲಿ ಅಳಿವೆ ದಾಟುವಾಗ ಅಲೆ ಏಳುವ ಜಾಗದಲ್ಲಿ ಎಂಜಿನ್ ನಿಂತುಬಿಟ್ಟರೆ ಏನಾಗುತ್ತದೆಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇದು: ಹಳೆಯ ದೋಣಿಯನ್ನು ಮೂರು ಸಲ ನೋಡಬೇಕು. ಒಮ್ಮೆ ಒಣ ನೆಲದ ಮೇಲೆ, ಒಮ್ಮೆ ನೀರಿನಲ್ಲಿ, ಒಮ್ಮೆ ಕಾಗದದಲ್ಲಿ. ಮೂರೂ ಮುಗಿಯುವ ತನಕ ಬೆಲೆಯ ಮಾತು ಎತ್ತಬಾರದು, ಮುಂಗಡ ಕೊಡಬಾರದು. ಒಮ್ಮೆ ಬೆಲೆ ಬಾಯಿಗೆ ಬಂತೆಂದರೆ ಕೊಳ್ಳುವವನ ಕಣ್ಣು ಮಂಜಾಗುತ್ತದೆ. ಕಂಡ ಕೊರತೆಯೂ ಸಣ್ಣದಾಗಿ ಕಾಣುತ್ತದೆ.

ನೋಡುವ ಕಾಲ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಹಾಕಿದ ನಾಡದೋಣಿಗಳಿಗೂ ಇದು ಅನ್ವಯಿಸುತ್ತದೆ. ಈ ಎರಡು ತಿಂಗಳಲ್ಲಿ ಬಹಳಷ್ಟು ದೋಣಿಗಳು ದಡ ಸೇರುತ್ತವೆ. ನೋಡಲು ಇದೇ ತಕ್ಕ ಸಮಯ. ಆದರೆ ಜುಲೈ ಕೊನೆಯ ವಾರದಲ್ಲಿ ಹೋಗಬೇಡಿ. ಅಷ್ಟರಲ್ಲಿ ಬಣ್ಣ ಬಳಿದಾಗಿರುತ್ತದೆ, ಬಿರುಕುಗಳೆಲ್ಲ ಪುಟ್ಟಿಯ ಅಡಿ ಸೇರಿರುತ್ತವೆ. ದೋಣಿ ದಡಕ್ಕೆ ಬಂದ ಹೊಸದರಲ್ಲಿ, ಪಾಚಿ ಚಿಪ್ಪು ಕೆರೆದು ತೆಗೆದ ಮೇಲೆ, ಬಣ್ಣಕ್ಕೆ ಮೊದಲು ನೋಡುವುದು ಲೇಸು. 10 ಅಶ್ವಶಕ್ತಿಯೊಳಗಿನ ಸಣ್ಣ ದೋಣಿಗಾದರೆ ಕಾಲದ ಕಟ್ಟಿಲ್ಲ. ಹತ್ತು ಜನ ಸೇರಿ ಯಾವ ದಿನ ಬೇಕಾದರೂ ಮರಳಿಗೆ ಎಳೆದು ಮಗುಚಿ ನೋಡಬಹುದು. ಎಳೆಯಲು ಒಪ್ಪದ ಮಾರಾಟಗಾರನ ದೋಣಿಯನ್ನು ಬಿಟ್ಟು ಬರಬಹುದು.

ಒಣ ನೆಲದ ಮೇಲೆ

ಮೊದಲು ಒಡಲು, ಆಮೇಲೆ ಎಂಜಿನ್. ಎಂಜಿನ್ ಕೆಟ್ಟರೆ ಬೇರೆ ಹಾಕಬಹುದು. ಒಡಲು ಕೆಟ್ಟ ದೋಣಿಗೆ ಹೊಸ ಎಂಜಿನ್ ಹಾಕುವುದು ಗೆದ್ದಲು ತಿಂದ ಕಂಬಕ್ಕೆ ಹೊಸ ಹೆಂಚು ಹೊದಿಸಿದಂತೆ.

ಈಗ ಸಣ್ಣ ದೋಣಿಗಳಲ್ಲಿ ಹೆಚ್ಚಿನವು ಫೈಬರಿನವು. ಫೈಬರಿಗೆ ಹುಳು ಹಿಡಿಯುವುದಿಲ್ಲ ನಿಜ, ಆದರೆ ಅದಕ್ಕೂ ರೋಗಗಳಿವೆ. ಸಣ್ಣ ಮರದ ಸುತ್ತಿಗೆಯಿಂದ ಒಡಲನ್ನು ಗೇಣುಗೇಣಿಗೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಎನ್ನುವ ಚುರುಕು ಸದ್ದು ಬರುತ್ತದೆ. ಪದರ ಬಿಟ್ಟಿದ್ದರೆ, ಒಳಗೆ ನೀರು ಹೋಗಿದ್ದರೆ, ಸದ್ದು ಮಂದ. ತೆಂಗಿನಕಾಯಿ ತಟ್ಟಿ ಬಲಿತದ್ದು ಎಳೆಯದು ಹೇಳುವವರಿಗೆ ಈ ವ್ಯತ್ಯಾಸ ಕಷ್ಟವಲ್ಲ. ಮಂದ ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಕೊನೆಯಲ್ಲಿ ದೂರ ನಿಂತು ನೋಡಿದರೆ ರೋಗ ಎಲ್ಲಿ ಹರಡಿದೆ ಎಂಬುದು ತಾನೇ ಕಾಣುತ್ತದೆ.

ನೀರಿನ ಮಟ್ಟಕ್ಕಿಂತ ಕೆಳಗೆ ಗುಳ್ಳೆಗಳಿವೆಯೇ ನೋಡಿ. ಗುಳ್ಳೆ ಚುಚ್ಚಿದಾಗ ವಿನೆಗರಿನಂತೆ ಹುಳಿ ವಾಸನೆಯ ನೀರು ಬಂದರೆ ಹೊರಪದರದ ಒಳಕ್ಕೆ ನೀರು ಇಳಿದಿದೆ ಎಂದರ್ಥ. ನಾಲ್ಕಾರು ಗುಳ್ಳೆ ಇದ್ದರೆ ಕೆರೆದು, ಚೆನ್ನಾಗಿ ಒಣಗಿಸಿ, ರಿಪೇರಿ ಮಾಡಬಹುದು. ತಳದ ತುಂಬ ಇದ್ದರೆ ಆ ದೋಣಿ ಬೇಡ. ನಕ್ಷತ್ರದ ಹಾಗೆ ಸುತ್ತ ಹರಡಿದ ಕೂದಲೆಳೆಯ ಬಿರುಕು ಕಂಡರೆ ಅಲ್ಲಿ ಎಂದೋ ಪೆಟ್ಟು ಬಿದ್ದಿದೆ. ಅದೇ ಜಾಗವನ್ನು ಒಳಗಿನಿಂದಲೂ ನೋಡಿ. ಒಡಲು ಒಂದು ಕಡೆ ಹೊಸ ಬಣ್ಣ, ಉಳಿದ ಕಡೆ ಹಳೆಯ ಬಣ್ಣ ಎಂದಿದ್ದರೆ ಕಾರಣ ಕೇಳದೆ ಬಿಡಬೇಡಿ.

ಫೈಬರ್ ದೋಣಿಯ ಮುಖ್ಯ ಮರ್ಮಸ್ಥಾನ ಹಿಂಬದಿಯಲ್ಲಿ ಎಂಜಿನ್ ತಗಲಿಸುವ ಹಲಗೆ. ಎಷ್ಟೋ ದೋಣಿಗಳಲ್ಲಿ ಇದು ಫೈಬರಿನ ನಡುವೆ ಕೂರಿಸಿದ ಪ್ಲೈವುಡ್. ಬೋಲ್ಟ್ ಹಾಕಿದ ತೂತಿನಿಂದ ಒಳಗೆ ನೀರು ಇಳಿದು ಪ್ಲೈವುಡ್ ಕೊಳೆತುಹೋಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಎಂಜಿನ್ ತಗಲಿಸಿಯೇ ಇರಲಿ. ಅದರ ಕಾಲನ್ನು ಮೇಲಕ್ಕೆತ್ತಿ, ಗಟ್ಟಿಯಾಗಿ ಮೇಲೆ ಕೆಳಗೆ ಅಲ್ಲಾಡಿಸಿ. ಹಲಗೆ ಬಳುಕಿದರೆ, ಬೋಲ್ಟಿನ ಸುತ್ತ ಕಂದು ನೀರು ಒಸರಿದರೆ, ಒಳಗೆ ಕೊಳೆತಿದೆ. ಕಡಲಿನ ನಡುವೆ ಎಂಜಿನ್ನೇ ಕಳಚಿ ಬೀಳುವುದು ಇಂಥ ದೋಣಿಗಳಲ್ಲಿ.

ಮರದ ದೋಣಿಯಾದರೆ ಕೈಯಲ್ಲಿ ಚೂಪು ಚಾಕು ಇರಲಿ. ಮರ ಕೊರೆಯುವ ಕಡಲ ಹುಳುವಿನ ತೂತು ಹೊರಗೆ ಗುಂಡುಸೂಜಿ ತಲೆಯಷ್ಟು; ಒಳಗೆ ಬೆರಳು ಹೋಗುವಷ್ಟು ಸುರಂಗ. ಚಾಕು ಸಲೀಸಾಗಿ ಇಳಿದರೆ ಆ ಹಲಗೆ ಹೋಯಿತು. ತಳದ ಉದ್ದಕ್ಕೆ ಬೆನ್ನೆಲುಬಿನಂತಿರುವ ನಡುಮರ, ಅದಕ್ಕೆ ಪಕ್ಕೆಲುಬು ಸೇರುವ ಜಾಗ, ಮಳೆನೀರು ನಿಲ್ಲುವ ಮೂಲೆಗಳು, ಇವನ್ನು ಬಿಡದೆ ಚುಚ್ಚಿ ನೋಡಿ. ಕಡಲ ಉಪ್ಪುನೀರಿಗಿಂತ ನಿಂತ ಮಳೆನೀರು ಮರವನ್ನು ಬೇಗ ಕೊಳೆಸುತ್ತದೆ ಎಂಬುದನ್ನು ಮರೆಯಬಾರದು. ಮೊಳೆ ಬೋಲ್ಟುಗಳ ಸುತ್ತ ಕಪ್ಪು ಕಲೆ ಇದ್ದರೆ ಒಂದನ್ನಾದರೂ ಬಿಚ್ಚಿಸಿ ನೋಡಬೇಕು. ತಲೆ ದಪ್ಪಗಿದ್ದು ನಡು ತುಕ್ಕು ತಿಂದು ಕಡ್ಡಿಯಾಗಿರಬಹುದು. ಹಳೆಯ ಮರದ ಮೇಲೆ ಫೈಬರ್ ಹೊದಿಸಿದ ದೋಣಿಯಲ್ಲಿ ಎಚ್ಚರಿಕೆ ಇಮ್ಮಡಿ ಬೇಕು. ಹೊದಿಕೆಯ ಒಳಗೆ ಏನಿದೆ ಎಂಬುದು ಒಳಬದಿಯಿಂದ ಚುಚ್ಚಿದಾಗ ಮಾತ್ರ ತಿಳಿಯುತ್ತದೆ.

ಎರಡೂ ಬಗೆಯ ದೋಣಿಗೆ ಇನ್ನೊಂದು ಪರೀಕ್ಷೆ: ತಳದ ಉದ್ದಕ್ಕೆ ದಾರ ಎಳೆದು ಹಿಡಿಯಿರಿ. ಅದೇ ಅಳತೆಯ, ಸರಿಯಾಗಿರುವ ದೋಣಿಗೆ ಹೋಲಿಸಿದರೆ ನಡು ಬಗ್ಗಿದ್ದು, ಹಿಂಭಾಗ ಜಗ್ಗಿದ್ದು ಗೊತ್ತಾಗುತ್ತದೆ. ಬಗ್ಗಿದ ಒಡಲು ಎಂದೂ ನೆಟ್ಟಗಾಗದು.

ನೀರಿನಲ್ಲಿ

ಎಂಜಿನ್ ನೋಡಲು ಹೋದಾಗ ಮೊದಲು ಅದರ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆ. ತಣ್ಣಗಾಗುವ ತನಕ ಕಾಯಿರಿ. ತಣ್ಣನೆಯ ಎಂಜಿನ್ ಹೇಗೆ ಏಳುತ್ತದೆ ಎಂಬುದರಲ್ಲಿ ಅದರ ಅರ್ಧ ಜಾತಕ ಇದೆ.

ಔಟ್‌ಬೋರ್ಡ್ ಎಂಜಿನ್ನಾದರೆ ಕೆಳಗಿನ ಗೇರ್ ಪೆಟ್ಟಿಗೆಯ ಸ್ಕ್ರೂ ಸಡಿಲಿಸಿ ಸ್ವಲ್ಪ ಆಯಿಲ್ ಹೊರಗೆ ಬಿಡಿಸಿ. ಹಾಲು ಬೆರೆತ ಚಹದಂತಿದ್ದರೆ ಸೀಲು ಹೋಗಿ ನೀರು ಸೇರಿದೆ. ಪ್ಲಗ್ ಬಿಚ್ಚಿಸಿ ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ಎಲ್ಲವೂ ಹೆಚ್ಚುಕಡಿಮೆ ಸಮನಾಗಿರಬೇಕು. ಓಡುವಾಗ ತಂಪು ನೀರಿನ ಸಣ್ಣ ಧಾರೆ ನಿಲ್ಲದೆ ಹೊರಗೆ ಚಿಮ್ಮುತ್ತಿರಬೇಕು. ಸೀಮೆಎಣ್ಣೆಯ ಎಂಜಿನ್ನಾದರೆ ಪೆಟ್ರೋಲಿನಿಂದ ಸೀಮೆಎಣ್ಣೆಗೆ ಬದಲಿಸಿದ ಮೇಲೂ ತಡವರಿಸದೆ ಓಡಬೇಕು. ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಇಲ್ಲವೇ ಡೀಸೆಲ್ ಎಂಜಿನ್ ಹಾಕುವವರಿಗೆ ಸಹಾಯಧನ ಕೊಡುವುದಾಗಿ ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ ಹೇಳಿತು. ಸೀಮೆಎಣ್ಣೆಯ ಎಂಜಿನ್ನಿಗೆ ಹೆಚ್ಚು ಬೆಲೆ ಕಟ್ಟುವ ಮೊದಲು ಇದನ್ನೂ ಮನಸ್ಸಿನಲ್ಲಿಡಿ.

ಒಳಗೆ ಕೂರಿಸಿದ ಡೀಸೆಲ್ ಎಂಜಿನ್ನಾದರೆ ಹೊಗೆ ನೋಡಿ. ನೀಲಿ ಹೊಗೆ ಆಯಿಲ್ ಉರಿಯುವುದನ್ನು ಹೇಳುತ್ತದೆ. ಕಪ್ಪು ಹೊಗೆ ನಿಲ್ಲದಿದ್ದರೆ ಇಂಜೆಕ್ಟರಿನ ದೋಷ, ಇಲ್ಲವೇ ಎಂಜಿನ್ನಿಗೆ ಮೀರಿದ ಹೊರೆ. ಬಿಸಿಯಾದ ಮೇಲೂ ಬಿಳಿ ಹೊಗೆ ಬಿಡದಿದ್ದರೆ ಒಳಗೆ ನೀರು ಹೋಗುತ್ತಿರಬಹುದು. ಪ್ರೊಪೆಲ್ಲರಿನ ದಂಡ ಒಡಲಿನಿಂದ ಹೊರಬೀಳುವ ಜಾಗದಲ್ಲಿ ಹನಿ ಹನಿ ನೀರು ಸಹಜ, ಧಾರೆ ಸಹಜವಲ್ಲ. ದಂಡವನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸುವುದು ದೋಣಿ ದಡದಲ್ಲಿದ್ದಾಗಲೇ ಆಗಬೇಕು. ಹೆಚ್ಚು ಆಡಿದರೆ ಬೇರಿಂಗ್ ಸವೆದಿದೆ.

ಇನ್ನು ಓಡಿಸುವುದು. ಖಾಲಿ ದೋಣಿ ಎಲ್ಲವೂ ಚೆನ್ನಾಗಿಯೇ ಓಡುತ್ತವೆ. ಬಲೆ, ಮಂಜುಗಡ್ಡೆ, ಆಳುಗಳ ತೂಕದಷ್ಟು ಮರಳಿನ ಚೀಲ ಹೇರಿ, ಪೂರ್ತಿ ವೇಗದಲ್ಲಿ ಅರ್ಧ ಗಂಟೆಯಾದರೂ ಓಡಿಸಿ. ಮುಂದಕ್ಕೂ ಹಿಂದಕ್ಕೂ ಗೇರ್ ಹಾಕಿ. ಹೊರಡುವ ಮೊದಲು ತಳದ ನೀರನ್ನು ಪೂರ್ತಿ ಬಳಿದು ಒರೆಸಿ. ಹಿಂದಿರುಗಿದ ಮೇಲೆ ಎಷ್ಟು ಬಕೆಟ್ ಬಂತೆಂದು ಎಣಿಸಿ. ಆ ರಾತ್ರಿ ನೀರಿನಲ್ಲೇ ಕಟ್ಟಿಟ್ಟು ಬೆಳಗ್ಗೆ ಮತ್ತೆ ಎಣಿಸಿ. ಮಾರುವವನ ಮಾತಿಗಿಂತ ಬಕೆಟ್ಟಿನ ಲೆಕ್ಕ ಹೆಚ್ಚು ನಂಬಿಕೆಗೆ ಅರ್ಹ.

ಕಾಗದದಲ್ಲಿ

1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯಿದೆಯಂತೆ ಕಡಲಿಗೆ ಇಳಿಯುವ ಮೀನುಗಾರಿಕೆ ದೋಣಿಗೆ ಪರವಾನಗಿ ಬೇಕು. ನೋಂದಣಿ ಪತ್ರದಲ್ಲಿರುವ ಹೆಸರು, ಮಾರುವವನ ಹೆಸರು ಒಂದೇ ಇದೆಯೇ? ಒಡಲಿನ ಮೇಲೆ ಬರೆದ ನೋಂದಣಿ ಸಂಖ್ಯೆ, ಎಂಜಿನ್ನಿನಲ್ಲಿ ಕೊರೆದ ಸಂಖ್ಯೆ ಪತ್ರದೊಂದಿಗೆ ತಾಳೆಯಾಗುತ್ತವೆಯೇ? ತಂದೆಯ ಹೆಸರಿನಲ್ಲಿದ್ದ ದೋಣಿಯನ್ನು ಮಗನೊಬ್ಬನೇ ಮಾರುತ್ತಿದ್ದರೆ ಉಳಿದ ವಾರಸುದಾರರ ಒಪ್ಪಿಗೆ ಲಿಖಿತವಾಗಿ ಇರಲಿ. ಬ್ಯಾಂಕಿನ, ಮೀನುಗಾರರ ಸಹಕಾರ ಸಂಘದ ಸಾಲ ಬಾಕಿ ಇಲ್ಲವೆಂಬ ಪತ್ರ ಕೇಳಿ ಪಡೆಯಿರಿ. ಡೀಸೆಲ್, ಸೀಮೆಎಣ್ಣೆಯ ರಿಯಾಯಿತಿ ನೋಂದಣಿ ಮತ್ತು ಪರವಾನಗಿಗೆ ಅಂಟಿಕೊಂಡಿರುವುದರಿಂದ ಹೆಸರು ವರ್ಗಾವಣೆಯಾಗದ ದೋಣಿ ಅರ್ಧ ದೋಣಿ. ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಒಮ್ಮೆ ವಿಚಾರಿಸಲು ಖರ್ಚಾಗುವುದು ಬಸ್ಸಿನ ಹಣ ಮಾತ್ರ.

ಇಲ್ಲಿ ಇನ್ನೊಂದು ಮಾತು. ಜನರೇಟರ್ ಮತ್ತು ಪ್ರಖರ ದೀಪಗಳ ಸಹಿತ ಕೊಡುತ್ತೇವೆ ಎಂದು ಹೆಚ್ಚು ಬೆಲೆ ಹೇಳುವವರುಂಟು. ಎಲ್‌ಇಡಿ ದೀಪ ಹಾಕಿ ಮೀನು ಹಿಡಿಯುವುದನ್ನೂ, ಎರಡು ಬೋಟು ಸೇರಿ ಎಳೆಯುವ ಬುಲ್ ಟ್ರಾಲನ್ನೂ ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದೆ. ಬಳಸಬಾರದ ಸಾಮಾನಿಗೆ ಬೆಲೆ ಕೊಡುವುದೇಕೆ?

ಸಂಕೋಚದ ಬೆಲೆ

ಇಷ್ಟೆಲ್ಲ ನೋಡಬೇಕೆಂದು ಹಲವರಿಗೆ ಗೊತ್ತಿದೆ. ಆದರೂ ನೋಡುವುದಿಲ್ಲ. ಕಾರಣ ಅಜ್ಞಾನವಲ್ಲ, ಸಂಕೋಚ. ಮಾರುವವನು ಊರಿನವನು, ನೆಂಟನಾದರೂ ಆಗಿರಬಹುದು. ಚಾಕು ಹಿಡಿದು ಚುಚ್ಚಿದರೆ, ಕಾಗದ ಕೇಳಿದರೆ, ಅವನ ಮಾತನ್ನು ನಂಬಲಿಲ್ಲ ಎಂದಾಗುತ್ತದೆ ಎಂಬ ಭಯ. ನನ್ನ ದೃಷ್ಟಿಯಲ್ಲಿ ಇದು ತಿರುಗುಮುರುಗಾದ ಮರ್ಯಾದೆ. ನೋಡದೆ ಕೊಂಡು, ಆರು ತಿಂಗಳಿಗೆ ದೋಣಿ ಸೋರಿ, ಪಂಚಾಯಿತಿ ಕಟ್ಟೆಯಲ್ಲಿ ಜಗಳವಾಗಿ, ಎರಡು ಮನೆಗಳ ನಡುವೆ ಮಾತು ನಿಲ್ಲುವುದಕ್ಕಿಂತ ಮೊದಲೇ ಎಲ್ಲರೆದುರು ನೋಡಿ ಕೊಳ್ಳುವುದು ನೆಂಟಸ್ತಿಕೆಗೆ ಹಿತ. ಕೊರತೆ ಮುಚ್ಚಿಡದೆ ತೋರಿಸಿದ ಮಾರಾಟಗಾರನಿಗೂ ಇದರಿಂದ ಒಳ್ಳೆಯದು. ನಾಳೆ ಅವನ ಮೇಲೆ ದೂರು ಬರುವುದಿಲ್ಲ.

ಈ ಸಂಕೋಚ ಒಬ್ಬನಿಂದ ಹೋಗದು, ಊರಿನ ರೂಢಿಯಾದರೆ ಹೋಗುತ್ತದೆ. ಪ್ರತಿ ಮೀನುಗಾರರ ಸಹಕಾರ ಸಂಘವೂ ದೋಣಿ ಕಟ್ಟುವ ಒಬ್ಬ ಅನುಭವಿ ಬಡಗಿ, ಒಬ್ಬ ಫೈಬರ್ ಕೆಲಸದವನು, ಒಬ್ಬ ಮೆಕ್ಯಾನಿಕ್ ಇವರ ಹೆಸರನ್ನು ಗೊತ್ತುಮಾಡಿ ಇಡಲಿ. ಯಾರೇ ಹಳೆಯ ದೋಣಿ ಕೊಂಡರೂ ಈ ಮೂವರು ನೋಡಿ, ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು, ಇಬ್ಬರಿಗೂ ಒಂದೊಂದು ಪ್ರತಿ ಕೊಡಲಿ. ಅವರ ದಿನಗೂಲಿಯನ್ನು ಕೊಳ್ಳುವವನೇ ಕೊಡಲಿ. ದಲ್ಲಾಳಿಯ ಕೈಯಿಂದ ಅವರು ಕಾಸು ಮುಟ್ಟಬಾರದು. ಸಂಘ ಸಾಲ ಕೊಡುವ ಮುಂಚೆ ಈ ಹಾಳೆಯನ್ನು ಕೇಳಲಿ. ಇದಕ್ಕೆ ಹೊಸ ಕಾನೂನು ಬೇಡ, ಸರ್ಕಾರದ ಅನುದಾನ ಬೇಡ. ಸಂಘದ ಮುಂದಿನ ಸಭೆಯಲ್ಲಿ ಒಂದು ಠರಾವು ಸಾಕು.

ಹಾಳೆ ಕೈಗೆ ಬಂದ ಮೇಲೆ ರಿಪೇರಿಯ ಖರ್ಚನ್ನು ಬಾಬುವಾರು ಕೂಡಿಸಿ, ಕೇಳಿದ ಬೆಲೆಯಿಂದ ಕಳೆಯಿರಿ. ಜೀವರಕ್ಷಕ ಜಾಕೆಟ್, ವಿಮೆ, ಮೊದಲ ವರ್ಷದ ಅನಿರೀಕ್ಷಿತ ಖರ್ಚು ಇವಕ್ಕೆ ಬೇರೆ ಹಣ ಉಳಿಯುತ್ತದೆಯೇ ನೋಡಿ. ಉಳಿಯದಿದ್ದರೆ ಈ ವರ್ಷ ದೋಣಿ ಬೇಡ. ಮುಂದಿನ ಫಸಲಿನ ತನಕ ಕಾಯುವುದರಿಂದ ಯಾರ ಮನೆಯೂ ಮುಳುಗುವುದಿಲ್ಲ.